ವಯನಾಡಿನಿಂದ ಸೀಮೆಗೆ: ಯುರೋಪನ್ನು ಓದಿಸಿದ ಪುಸ್ತಕಗಳು

ಯುರೋಪಿನ ಬದುಕನ್ನು ಹೊರನಾಡಿನವರಿಗೆ ತಿಳಿಸಿಕೊಡುವ ಪುಸ್ತಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕೈಪಿಡಿ, ಇನ್ನೊಂದು ಪ್ರವಾಸ ಕಥನ. ಕೈಪಿಡಿ ದಾರಿ, ತಂಗುದಾಣ, ಖರ್ಚುವೆಚ್ಚ, ನೋಡಬೇಕಾದ ಜಾಗಗಳ ವಿವರ ಕೊಡುತ್ತದೆ. ಲಂಡನ್ನಿನ ಜಾನ್ ಮರ್ರೆ ಪ್ರಕಾಶನ 1836ರಲ್ಲಿ ಯುರೋಪು ಖಂಡದ ಪ್ರವಾಸಿಗರಿಗೆಂದು ಹೊರತಂದ ಪುಸ್ತಕ, ಅದೇ ದಶಕದಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್ ಬೆಳೆಸಿದ ಮಾಲೆ ಈ ಬಗೆಗೆ ಮಾದರಿಗಳು. ಪ್ರವಾಸ ಕಥನದ ಕೆಲಸ ಬೇರೆ. ಒಬ್ಬ ಲೇಖಕ ತನ್ನ ಊರಿನ ಕಣ್ಣಿನಿಂದ ಪರದೇಶವನ್ನು ಕಂಡು, ತನ್ನ ಊರಿನವರಿಗೆ ಹತ್ತುವ ಮಾತಿನಲ್ಲಿ ಅದನ್ನು ಹೇಳುತ್ತಾನೆ. ಕೈಪಿಡಿ ಹಳತಾದರೆ ಕೆಲಸಕ್ಕೆ ಬಾರದು. ಕಥನ ಹಳತಾದಂತೆ ಚರಿತ್ರೆಯ ಆಕರವಾಗುತ್ತದೆ.

ಕೇರಳದ ವಯನಾಡು ಜಿಲ್ಲೆಯೂ ಅದರ ತಪ್ಪಲಿನ ಮಲಬಾರ್ ಕರಾವಳಿಯೂ ಈ ಎರಡನೆಯ ಬಗೆಯಲ್ಲಿ ದೊಡ್ಡ ಪರಂಪರೆಯ ಪಾಲುದಾರರು. ಕಲ್ಪೆಟ್ಟದ ಲೇಖಕರೊಬ್ಬರು ಡ್ಯಾನ್ಯೂಬ್ ನದಿಯ ಹೆಸರಿನಲ್ಲೇ ಪ್ರವಾಸ ಗ್ರಂಥ ಬರೆದಿದ್ದಾರೆ. ವಯನಾಡಿನ ವಲಸೆಗಾರರ ಬದುಕನ್ನು ಕಾದಂಬರಿಯಾಗಿಸಿದ ಮತ್ತೊಬ್ಬರು ಯುರೋಪಿನ ದೇಶದೇಶಗಳ ಬಗ್ಗೆ ಸಾಲುಸಾಲು ಪುಸ್ತಕ ಬರೆದಿದ್ದಾರೆ. ಈ ಪುಸ್ತಕಗಳು ಹುಟ್ಟುವ ಮೊದಲೇ ಯುರೋಪಿನವರು ವಯನಾಡಿನ ಬಗ್ಗೆ ನೂರು ವರ್ಷ ಬರೆದಿದ್ದರು. ಆ ಮೊದಲ ಬರವಣಿಗೆಯಿಂದ ಹೊರಟರೆ ಎರಡನೆಯದರ ಬೆಲೆ ಸ್ಪಷ್ಟವಾಗುತ್ತದೆ.

ನಾಡು ಮತ್ತು ಅದರ ಕನ್ನಡದ ನಂಟು

ವಯನಾಡು ಪಶ್ಚಿಮ ಘಟ್ಟದ ಮೇಲಿನ ಪ್ರಸ್ಥಭೂಮಿ. ಹೆಚ್ಚಿನ ಭಾಗ ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿದೆ. 1980ರ ನವೆಂಬರ್ 1ರಂದು ಕೋಝಿಕ್ಕೋಡ್ ಮತ್ತು ಕಣ್ಣೂರು ಜಿಲ್ಲೆಗಳ ಭಾಗಗಳನ್ನು ಕೂಡಿಸಿ ಇದನ್ನು ಪ್ರತ್ಯೇಕ ಜಿಲ್ಲೆ ಮಾಡಲಾಯಿತು. ಮಾನಂತವಾಡಿ, ಸುಲ್ತಾನ್ ಬತ್ತೇರಿ, ವೈತ್ತಿರಿ ಇದರ ಮೂರು ತಾಲ್ಲೂಕುಗಳು. ಕಲ್ಪೆಟ್ಟ ಜಿಲ್ಲಾ ಕೇಂದ್ರ. ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳು ಇದಕ್ಕೆ ಅಂಟಿಕೊಂಡಿವೆ. ಇಲ್ಲಿ ಹುಟ್ಟುವ ಕಬಿನಿ ಕೇರಳದ ಹೆಚ್ಚಿನ ನದಿಗಳಂತೆ ಪಡುವಣ ಕಡಲಿಗೆ ಇಳಿಯದೆ ಮೂಡಣಕ್ಕೆ ಹರಿದು ಕರ್ನಾಟಕ ಸೇರುತ್ತದೆ.

ಕನ್ನಡ ಶಾಸನಗಳಲ್ಲಿ ಈ ನಾಡಿನ ಹೆಸರು ಬಯಲ್ನಾಡು. ಸುಲ್ತಾನ್ ಬತ್ತೇರಿಯಲ್ಲಿ, ಕಲ್ಪೆಟ್ಟದ ಬಳಿಯ ಪುಳಿಯಾರ್ಮಲೆಯಲ್ಲಿ ಜೈನ ಬಸದಿಗಳಿವೆ. ಇವನ್ನು ಕಟ್ಟಿಕೊಂಡು ಬಂದ ಜೈನ ಕುಟುಂಬಗಳು ಕರ್ನಾಟಕದಿಂದ ಬಂದವು. ಹೆಸರಿನ ಕೊನೆಯ 'ಗೌಡರ್' ಇಂದಿಗೂ ಅದನ್ನು ಹೇಳುತ್ತದೆ. ಕಾಟ್ಟುನಾಯ್ಕ, ಬೆಟ್ಟಕುರುಮ ಬುಡಕಟ್ಟುಗಳ ಮಾತುಗಳಿಗೂ ಕನ್ನಡಕ್ಕೂ ಹತ್ತಿರದ ನೆಂಟಸ್ತಿಕೆ ಇದೆ. ಹೀಗಾಗಿ ವಯನಾಡು ಬಹುಕಾಲದಿಂದ ಹಲವು ಭಾಷೆಗಳು ಕೂಡುವ ಜಾಗ. ಗಡಿ ದಾಟಿ ಇನ್ನೊಬ್ಬರ ಮಾತು, ರೀತಿನೀತಿಗಳನ್ನು ಅರಿತುಕೊಳ್ಳುವುದು ಇಲ್ಲಿನವರಿಗೆ ದಿನನಿತ್ಯದ ಅಗತ್ಯವಾಗಿತ್ತು.

ಯುರೋಪು ಬರೆದ ವಯನಾಡು

ಯುರೋಪು ವಯನಾಡಿಗೆ ಮೊದಲು ಬಂದದ್ದು ಸೈನ್ಯದ ರೂಪದಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಬೆಟ್ಟಸೀಮೆಗಾಗಿ ಈಸ್ಟ್ ಇಂಡಿಯಾ ಕಂಪನಿಗೂ ಮಲಬಾರಿನ ಕೋಟ್ಟಯಂ ಮನೆತನದ ಕೇರಳವರ್ಮ ಪಳಶ್ಶಿರಾಜನಿಗೂ ದೀರ್ಘ ಹೋರಾಟ ನಡೆಯಿತು. ಕುರಿಚ್ಯ, ಕುರುಮ ಬುಡಕಟ್ಟಿನವರು ಬಿಲ್ಲು ಹಿಡಿದು ರಾಜನ ಜೊತೆ ನಿಂತರು. 1805ರ ನವೆಂಬರ್ 30ರಂದು ಪಳಶ್ಶಿರಾಜ ಮಡಿದ. ಆತನ ಸಮಾಧಿ ಮಾನಂತವಾಡಿಯಲ್ಲಿದೆ.

ಯುದ್ಧದ ಹಿಂದೆಯೇ ಬರವಣಿಗೆಯೂ ಬಂತು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸ ಗ್ರಂಥ ಪ್ರಕಟಿಸಿದ. ಬೆಳೆ, ಕಂದಾಯ, ಜಾತಿ, ಕಸುಬು, ತೂಕ-ಅಳತೆ ಎಲ್ಲವನ್ನೂ ಆತ ದಿನಚರಿಯಂತೆ ದಾಖಲಿಸಿದ. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನಿದೆ, ಎಷ್ಟು ಸಿಗುತ್ತದೆ ಎಂದು ತಿಳಿಯುವುದು ಕಂಪನಿಯ ಉದ್ದೇಶವಾಗಿತ್ತು. ಮಾನಂತವಾಡಿಯ ಸೈನ್ಯದ ತುಕಡಿಯಲ್ಲಿದ್ದ ಎಚ್. ಬೆವನ್ ತನ್ನ ಮೂವತ್ತು ವರ್ಷಗಳ ಭಾರತವಾಸದ ನೆನಪುಗಳನ್ನು 1839ರಲ್ಲಿ ಲಂಡನ್ನಿನಲ್ಲಿ ಅಚ್ಚು ಮಾಡಿಸಿದ. ವಯನಾಡಿನ ಮೊದಲ ಕಾಫಿ ಗಿಡಗಳ ಜೊತೆಗೂ ಈ ಅಧಿಕಾರಿಯ ಹೆಸರು ತಳುಕು ಹಾಕಿಕೊಂಡಿದೆ. ಮುಂದೆ ಕಾಫಿ ತೋಟಗಳು ಹಬ್ಬಿದವು. 1880ರ ಸುಮಾರಿಗೆ ಚಿನ್ನದ ಆಸೆ ಎದ್ದಿತು. ಬ್ರೋ ಸ್ಮಿತ್ ಎಂಬ ತಜ್ಞ ವಯನಾಡಿನ ಚಿನ್ನದ ಬಗ್ಗೆ ವರದಿ ಬರೆದ. ಅದನ್ನು ನಂಬಿ ಹತ್ತಾರು ಕಂಪನಿಗಳು ಲಂಡನ್ನಿನಲ್ಲಿ ಬಂಡವಾಳ ಎತ್ತಿದವು. ಹೂಡಿದ ಹಣ ಕೆಲವೇ ವರ್ಷಗಳಲ್ಲಿ ಮಣ್ಣುಪಾಲಾಯಿತು. ವಯನಾಡನ್ನು ಓದಿದ ಯುರೋಪಿನವರಲ್ಲಿ ಹಲವರು ಅದನ್ನು ಲಾಭದ ಲೆಕ್ಕದಲ್ಲೇ ಓದಿದರು ಎಂಬುದಕ್ಕೆ ಈ ಚಿನ್ನದ ಹುಚ್ಚು ದೊಡ್ಡ ಸಾಕ್ಷಿ.

ಅರಿವಿಗಾಗಿಯೇ ಬರೆದವರೂ ಇದ್ದರು. ಮಲಬಾರಿನ ಕಲೆಕ್ಟರ್ ಆಗಿದ್ದ ಸ್ಕಾಟ್ಲೆಂಡಿನ ವಿಲಿಯಂ ಲೋಗನ್ 1887ರಲ್ಲಿ ಪ್ರಕಟಿಸಿದ 'ಮಲಬಾರ್ ಮ್ಯಾನ್ಯುಯಲ್' ಇಂದಿಗೂ ಆಧಾರ ಗ್ರಂಥ. ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಅಂಬುಕುತ್ತಿ ಬೆಟ್ಟದ ಎಡಕ್ಕಲ್ ಗುಹೆಯ ಕೆತ್ತನೆಗಳನ್ನು ವಿದ್ವಾಂಸರ ಗಮನಕ್ಕೆ ತಂದ. 1901ರಲ್ಲಿ ಅವುಗಳ ಕುರಿತ ಆತನ ಲೇಖನ ಅಚ್ಚಾಯಿತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ಪಣಿಯರು, ಕುರಿಚ್ಯರು, ಕುರುಮರ ವಿವರಗಳಿವೆ. 1911ರಲ್ಲಿ ಡೆಪ್ಯುಟಿ ಕಲೆಕ್ಟರ್ ಸಿ. ಗೋಪಾಲನ್ ನಾಯರ್ ವಯನಾಡಿನ ಜನ ಮತ್ತು ಐತಿಹ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ನೆಲದವನೊಬ್ಬ ನೆಲದ ಕಥೆಗಳನ್ನು ಹೊರಗಿನವರಿಗೆ ವಿವರಿಸಿ ಹೇಳಿದ ಪುಸ್ತಕ ಅದು.

ಈ ಗ್ರಂಥರಾಶಿಯ ಪಕ್ಕದಲ್ಲಿ ವಯನಾಡಿನ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಒಂದು ಐತಿಹ್ಯವಿದೆ. ತಾಮರಶ್ಶೇರಿ ಘಾಟಿಯ ದಾರಿ ಕಾಣದೆ ಬ್ರಿಟಿಷ್ ಎಂಜಿನಿಯರ್ ಒಬ್ಬ ತೊಳಲುತ್ತಿದ್ದಾಗ ಕರಿಂತಂಡನ್ ಎಂಬ ಪಣಿಯ ಬುಡಕಟ್ಟಿನ ಯುವಕ ದಾರಿ ತೋರಿಸಿದ. ಆ ಹಿರಿಮೆ ತನಗೇ ಸಲ್ಲಲೆಂದು ಎಂಜಿನಿಯರ್ ಅವನನ್ನು ಕೊಂದ. ಅವನ ಪ್ರೇತ ದಾರಿಹೋಕರನ್ನು ಕಾಡತೊಡಗಿದಾಗ ಅದನ್ನು ಸರಪಳಿಯಿಂದ ಮರಕ್ಕೆ ಬಿಗಿಯಲಾಯಿತು. ಲಕ್ಕಿಡಿಯಲ್ಲಿ ಆ ಸರಪಳಿ ಮರವನ್ನು ಇಂದಿಗೂ ತೋರಿಸುತ್ತಾರೆ. ಐತಿಹ್ಯದ ಹಿಂದಿರುವ ನೋವು ನಿಜ. ದಾರಿ ತೋರಿಸಿದವನ ಹೆಸರು ಪುಸ್ತಕಕ್ಕೆ ಏರಲಿಲ್ಲ, ದಾರಿ ನಡೆದವನದು ಏರಿತು. ಯುರೋಪು ವಯನಾಡನ್ನು ಬರೆಯುತ್ತಿದ್ದ ಕಾಲದಲ್ಲಿ ವಯನಾಡು ಯುರೋಪನ್ನು ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಸೀಮೆ, ಪರಂಗಿ, ಬಿಲಾತಿ

ಪುಸ್ತಕಗಳಿಲ್ಲದ ಕಾಲದಲ್ಲಿ ಯುರೋಪಿನ ಬಗ್ಗೆ ಜನರಿಗಿದ್ದ ತಿಳಿವಳಿಕೆ ಕೆಲವು ಪದಗಳಲ್ಲಿ ಉಳಿದಿದೆ. ಕನ್ನಡದ 'ಸೀಮೆ' ಮೊದಲಿಗೆ ಎಲ್ಲೆ, ಪ್ರಾಂತ ಎಂಬ ಅರ್ಥದ ಮಾತು. ಆಮೇಲೆ ಅದೇ ಮಾತಿಗೆ ಕಡಲಾಚೆಯ ಬಿಳಿಯರ ದೇಶ ಎಂಬ ಅರ್ಥ ಸೇರಿಕೊಂಡಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಬಂದದ್ದು ಹೀಗೆ. ಮಲಯಾಳದಲ್ಲಿ ಇದೇ ಪದ 'ಶೀಮ'. ವಯನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಗೊಬ್ಬರದ ಗಿಡಕ್ಕೆ ಅಲ್ಲಿನವರು 'ಶೀಮಕ್ಕೊನ್ನ' ಎನ್ನುತ್ತಾರೆ. ಆ ಗಿಡದ ತವರು ಮಧ್ಯ ಅಮೆರಿಕ. ಕನ್ನಡಿಗರು ಪಪ್ಪಾಯಿಗೆ 'ಪರಂಗಿ ಹಣ್ಣು' ಎನ್ನುತ್ತಾರೆ. ಅದರ ತವರೂ ಅಮೆರಿಕವೇ, ತಂದವರು ಪೋರ್ಚುಗೀಸರು. 'ವಿಲಾಯತಿ' ಎಂಬ ಮಾತು ಮಲಯಾಳದಲ್ಲಿ 'ಬಿಲಾತಿ' ಆಯಿತು.

ಹಡಗಿನಲ್ಲಿ ಬಂದದ್ದೆಲ್ಲ ಸೀಮೆಯದು, ಬಿಳಿಯರೆಲ್ಲ ಪರಂಗಿಗಳು ಎಂಬ ಮಸುಕಾದ ಕಲ್ಪನೆಯೇ ಆಗ ಇದ್ದದ್ದು. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಬೇರೆಬೇರೆ ನಾಡಿನವರು. ಅವರ ಭಾಷೆ, ಧರ್ಮಪಂಥ, ರಾಜ್ಯವ್ಯವಸ್ಥೆ, ಊಟೋಪಚಾರ ಬೇರೆಬೇರೆ. ಅವರೊಳಗೂ ಬಡವರು ಬಲ್ಲಿದರು ಇದ್ದಾರೆ, ಜಗಳ ಯುದ್ಧಗಳಿವೆ ಎಂಬ ತಿಳಿವಳಿಕೆ ಬರಬೇಕಾದರೆ ಯಾರಾದರೂ ಹೋಗಿ ನೋಡಿ ಬರೆಯಬೇಕಿತ್ತು.

ಮೊದಲ ಕಥನ: 1785ರ 'ವರ್ತಮಾನಪುಸ್ತಕಂ'

ಹಾಗೆ ಬರೆದ ಮೊದಲಿಗರಲ್ಲಿ ಮಧ್ಯಕೇರಳದ ಪಾರೆಮ್ಮಾಕ್ಕಲ್ ತೋಮಾ ಕತ್ತನಾರ್ ಪ್ರಮುಖರು. 1736ರಲ್ಲಿ ಹುಟ್ಟಿದ ಈ ಪಾದ್ರಿ 1778ರಲ್ಲಿ ಜೋಸೆಫ್ ಕರಿಯಾಟ್ಟಿಲ್ ಜೊತೆ ರೋಮಿಗೆ ಹೊರಟರು. ಒಡೆದು ಹೋಗಿದ್ದ ಸಿರಿಯನ್ ಕ್ರೈಸ್ತರನ್ನು ಒಂದುಗೂಡಿಸಲು ಪೋಪರ ಅನುಮತಿ ಪಡೆಯುವುದು ಅವರ ಉದ್ದೇಶ. ಮದ್ರಾಸಿನಿಂದ ಹೊರಟ ಹಡಗು ಆಫ್ರಿಕದ ತುದಿ ಸುತ್ತಿ, ಬ್ರೆಜಿಲ್ ಮುಟ್ಟಿ, ಲಿಸ್ಬನ್ ಸೇರಿತು. ಅಲ್ಲಿಂದ ಇಟಲಿಯ ಜಿನೋವಾ, ಅನಂತರ ರೋಮ್. ಪೋಪರ ಆಸ್ಥಾನವನ್ನೂ ಪೋರ್ಚುಗಲ್ಲಿನ ರಾಣಿಯ ಆಸ್ಥಾನವನ್ನೂ ಅವರು ಒಳಗಿನಿಂದ ಕಂಡರು. ಕರಿಯಾಟ್ಟಿಲ್ ಲಿಸ್ಬನ್ನಿನಲ್ಲಿ ಕೊಡುಂಗಲ್ಲೂರಿನ ಆರ್ಚ್‌ಬಿಷಪ್ ಆಗಿ ಅಭಿಷಿಕ್ತರಾದರೂ ಊರು ಮುಟ್ಟುವ ಮೊದಲೇ 1786ರಲ್ಲಿ ಗೋವೆಯಲ್ಲಿ ತೀರಿಕೊಂಡರು. ಮರಳಿದ ತೋಮಾ ಕತ್ತನಾರರ ಕೈಯಲ್ಲಿದ್ದದ್ದು 1785ರ ಸುಮಾರಿಗೆ ಬರೆದ 'ವರ್ತಮಾನಪುಸ್ತಕಂ'. ಭಾರತೀಯ ಭಾಷೆಗಳ ಮೊದಲ ಪ್ರವಾಸ ಕಥನವೆಂದು ಇದು ಹೆಸರಾಗಿದೆ.

ಈ ಪುಸ್ತಕದ ವಿಶೇಷವಿರುವುದು ಅದರ ನೇರ ದೃಷ್ಟಿಯಲ್ಲಿ. ಲೇಖಕರು ಯುರೋಪಿನ ಇಗರ್ಜಿಗಳ ಭವ್ಯತೆಗೆ ತಲೆದೂಗಿದರೂ ಅಲ್ಲಿನ ಅಧಿಕಾರಸ್ಥರ ವಿಳಂಬ, ಒಳಜಗಳ, ತಮ್ಮವರ ಬಗ್ಗೆ ವಿದೇಶಿ ಪಾದ್ರಿಗಳಿಗಿದ್ದ ತಾತ್ಸಾರಗಳನ್ನು ಮುಚ್ಚಿಡಲಿಲ್ಲ. ತಮ್ಮ ಜನರ ಮೇಲ್ವಿಚಾರಣೆ ತಮ್ಮವರ ಕೈಯಲ್ಲೇ ಇರಬೇಕೆಂದು ವಾದಿಸಿದರು. ಯುರೋಪನ್ನು ಬಲ್ಲವನಾಗಿ, ಹೆದರದೆ, ಸಮಾನನಾಗಿ ಮಾತಾಡುವ ಈ ಧಾಟಿ ಮುಂದಿನ ಒಳ್ಳೆಯ ಪ್ರವಾಸ ಗ್ರಂಥಗಳಿಗೆಲ್ಲ ಬುನಾದಿ. ಆದರೆ ಹಸ್ತಪ್ರತಿ ಅಚ್ಚಾದದ್ದು 1936ರಲ್ಲಿ. 151 ವರ್ಷ ಅದು ಕೆಲವರ ಕೈಯಲ್ಲಷ್ಟೇ ಉಳಿಯಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕ್ರೈಸ್ತ ಕೃಷಿಕರು ವಯನಾಡಿಗೆ ವಲಸೆ ಬಂದು ಕಾಡು ಕಡಿದು ನೆಲೆನಿಂತಾಗ ಈ ನೆನಪಿನ ಪರಂಪರೆಯೂ ಅವರೊಂದಿಗೆ ಬೆಟ್ಟ ಹತ್ತಿತು. 1973ರಲ್ಲಿ ಮಾನಂತವಾಡಿಯಲ್ಲಿ ಸೀರೋ ಮಲಬಾರ್ ಧರ್ಮಪ್ರಾಂತ ಸ್ಥಾಪನೆಯಾಯಿತು.

ನಿಘಂಟಿನ ಸೇತುವೆ

ಪರದೇಶವನ್ನು ಅರಿಯಲು ಕಥನದಷ್ಟೇ ಅಗತ್ಯವಾದದ್ದು ನಿಘಂಟು. ವಯನಾಡಿನ ಸುತ್ತಲೂ ಈ ಕೆಲಸ ಮಾಡಿದ್ದು ಬಾಸೆಲ್ ಮಿಷನ್. ಘಟ್ಟದ ಕೆಳಗಿನ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿದ್ದ ಹೆರ್ಮನ್ ಗುಂಡರ್ಟ್ 1847ರಲ್ಲಿ 'ರಾಜ್ಯಸಮಾಚಾರಂ' ಪತ್ರಿಕೆ ಆರಂಭಿಸಿದರು. 1872ರಲ್ಲಿ ಅವರ ಮಲಯಾಳ-ಇಂಗ್ಲಿಷ್ ನಿಘಂಟು ಹೊರಬಂತು. ಕನ್ನಡ ಕಡೆಯಲ್ಲಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟೆಲ್ ಕೆಲಸ ಮಾಡಿದ ಊರುಗಳಲ್ಲಿ ವಯನಾಡಿಗೆ ಅಂಟಿದ ಕೊಡಗಿನ ಮಡಿಕೇರಿ, ಆನಂದಪುರಗಳೂ ಸೇರಿವೆ.

ಈ ಮಿಷನರಿಗಳ ಮುಖ್ಯ ಉದ್ದೇಶ ಮತಪ್ರಚಾರ. ಆದರೆ ಅವರು ಕಟ್ಟಿದ ಸೇತುವೆಯ ಮೇಲೆ ಎರಡೂ ಕಡೆಯ ಜನ ಓಡಾಡಿದರು. ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಆಕೆಯ ಮಗನೇ 1922ರಲ್ಲಿ 'ಸಿದ್ಧಾರ್ಥ' ಕಾದಂಬರಿ ಪ್ರಕಟಿಸಿದ ಜರ್ಮನ್ ಲೇಖಕ ಹೆರ್ಮನ್ ಹೆಸ್ಸೆ. ವಯನಾಡಿನ ಘಾಟಿಯ ಬುಡದಿಂದ ಹೊರಟ ತಿಳಿವಳಿಕೆಯೊಂದು ಯುರೋಪಿನ ಸಾಹಿತ್ಯದೊಳಗೆ ಹೀಗೆ ಬೆರೆಯಿತು.

'ಬಿಲಾತಿ'ಯಿಂದ ಪಡುವಣಕ್ಕೆ

ಇಪ್ಪತ್ತನೆಯ ಶತಮಾನದಲ್ಲಿ ಓದಲು ಇಂಗ್ಲೆಂಡಿಗೆ ಹೋದವರು ಬರೆಯತೊಡಗಿದರು. ಮಲಬಾರಿನ ಪಾಲಕ್ಕಾಡು ಕಡೆಯ ಕೆ. ಪಿ. ಕೇಶವ ಮೇನೋನ್ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಬಂದು 1916ರಲ್ಲಿ 'ಬಿಲಾತಿವಿಶೇಷಂ' ಪ್ರಕಟಿಸಿದರು. ಮೊದಲ ಮಹಾಯುದ್ಧದ ಹೊಸ್ತಿಲಿನ ಲಂಡನ್ನಿನ ಪರಿಚಯ ಮಲಬಾರಿನ ಓದುಗರಿಗೆ ಇದರಿಂದ ಅವರದೇ ಮಾತಿನಲ್ಲಿ ಸಿಕ್ಕಿತು. 1923ರ ಮಾರ್ಚ್ 18ರಂದು ಕೋಝಿಕ್ಕೋಡಿನಲ್ಲಿ ಆರಂಭವಾದ 'ಮಾತೃಭೂಮಿ' ಪತ್ರಿಕೆಯ ಸ್ಥಾಪಕ ಸಂಪಾದಕರೂ ಇವರೇ. ಇಂಗ್ಲೆಂಡನ್ನು ಒಳಗಿನಿಂದ ಕಂಡವರು ಇಂಗ್ಲಿಷರ ಆಳ್ವಿಕೆಯ ವಿರುದ್ಧ ಪತ್ರಿಕೆ ಕಟ್ಟಿದರು.

ಕನ್ನಡದಲ್ಲೂ ಇದೇ ಕಾಲದಿಂದ ಯುರೋಪಿನ ಕಥನಗಳು ಬೆಳೆದವು. ವಿ. ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ಅನುಭವದಿಂದ 'ಸಮುದ್ರದಾಚೆಯಿಂದ' ಹುಟ್ಟಿತು. ಅದೇ ಕಡಲಯಾನ 'ಸಮುದ್ರಗೀತೆಗಳು' ಕವನಗಳಿಗೂ ಪ್ರೇರಣೆಯಾಯಿತು. ದಿನಕರ ದೇಸಾಯಿ 'ನಾ ಕಂಡ ಪಡುವಣ' ಬರೆದರು. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' 1950ರ ದಶಕದ ಯುರೋಪನ್ನು ಕಲೆಯ ಕಣ್ಣಿನಿಂದಲೂ ಸಾಮಾಜಿಕ ಕುತೂಹಲದಿಂದಲೂ ನೋಡಿತು. ಜಿ. ಎಸ್. ಶಿವರುದ್ರಪ್ಪನವರು 'ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ', 'ಇಂಗ್ಲೆಂಡಿನಲ್ಲಿ ಚತುರ್ಮಾಸ' ಎಂಬ ಎರಡು ಪುಸ್ತಕ ಕೊಟ್ಟರು. ಸಂನ್ಯಾಸಿಗಳು ಮಳೆಗಾಲದಲ್ಲಿ ಒಂದೇ ಕಡೆ ನೆಲೆನಿಲ್ಲುವ ವ್ರತದ ಹೆಸರನ್ನು ಇಂಗ್ಲೆಂಡಿನ ವಾಸಕ್ಕೆ ಇಟ್ಟದ್ದರಲ್ಲಿ, ಪರದೇಶವನ್ನು ಅರಿಯಲು ಒಂದೆಡೆ ನಿಲ್ಲಬೇಕು ಎಂಬ ಸೂಚನೆಯೂ ಇದೆ. ಮುಂದೆ ನೇಮಿಚಂದ್ರ ಅವರ 'ಒಂದು ಕನಸಿನ ಪಯಣ' ಯುರೋಪನ್ನು ಹೆಣ್ಣಿನ ಕಣ್ಣಿನಿಂದ ತೋರಿಸಿತು. ಯಹೂದಿಗಳ ಹತ್ಯಾಕಾಂಡದ ಹಿನ್ನೆಲೆಯ ಅವರ ಕಾದಂಬರಿ 'ಯಾದ್ ವಶೇಮ್' ಕನ್ನಡಿಗರಿಗೆ ಯುರೋಪಿನ ಅತಿ ಆಳದ ಗಾಯದ ಪರಿಚಯ ಮಾಡಿಕೊಟ್ಟಿತು.

ವಯನಾಡನ್ನೂ ಯುರೋಪನ್ನೂ ಬರೆದ ಪೊಟ್ಟೆಕ್ಕಾಟ್

ಮಲಯಾಳದಲ್ಲಿ ಪ್ರವಾಸ ಸಾಹಿತ್ಯವನ್ನು ಮನೆಮನೆಗೆ ಮುಟ್ಟಿಸಿದವರು ಎಸ್. ಕೆ. ಪೊಟ್ಟೆಕ್ಕಾಟ್. 1913ರಲ್ಲಿ ಕೋಝಿಕ್ಕೋಡಿನಲ್ಲಿ ಹುಟ್ಟಿದ ಅವರ ಹೆಸರು ವಯನಾಡಿನ ಓದುಗರಿಗೆ ಮೊದಲು ನೆನಪಾಗುವುದು 1948ರ ಕಾದಂಬರಿ 'ವಿಷಕನ್ಯಕ'ದಿಂದ. ತಿರುವಾಂಕೂರಿನಿಂದ ಬಂದ ಬಡ ಕೃಷಿಕರನ್ನು ವಯನಾಡಿನ ಫಲವತ್ತಾದ ಮಣ್ಣು ಕೈಬೀಸಿ ಕರೆದು, ಮಲೇರಿಯಾ ಮತ್ತು ಕಾಡುಪ್ರಾಣಿಗಳ ಬಾಯಿಗೆ ಒಡ್ಡಿದ ಕಥೆ ಅದು. ನೋಟಕ್ಕೆ ಚೆಲುವಾಗಿ ಮುಟ್ಟಿದವರನ್ನು ಕೊಲ್ಲುವ ವಿಷಕನ್ಯೆಯಾಗಿ ಆ ನೆಲವನ್ನು ಅವರು ಕಂಡರು.

ಮರುವರ್ಷವೇ, 1949ರಲ್ಲಿ, ಪೊಟ್ಟೆಕ್ಕಾಟ್ ಹಡಗು ಹತ್ತಿ ಆಫ್ರಿಕ, ಯುರೋಪುಗಳ ದೀರ್ಘ ಪ್ರವಾಸಕ್ಕೆ ಹೊರಟರು. 'ಇನ್ನತ್ತೆ ಯೂರೋಪ್', 'ಪಾತಿರಾಸೂರ್ಯಂಡೆ ನಾಟ್ಟಿಲ್', 'ಲಂಡನ್ ನೋಟ್‌ಬುಕ್', 'ಸೋವಿಯತ್ ಡಯರಿ' ಅವರ ಯುರೋಪು ಪುಸ್ತಕಗಳಲ್ಲಿ ಮುಖ್ಯವಾದವು. ಮೊದಲನೆಯ ಹೆಸರಿನ ಅರ್ಥ 'ಇಂದಿನ ಯುರೋಪು', ಎರಡನೆಯದರ ಅರ್ಥ 'ನಡುರಾತ್ರಿಯ ಸೂರ್ಯನ ನಾಡಿನಲ್ಲಿ'. 'ಇಂದಿನ' ಎಂಬ ಮಾತು ಇಲ್ಲಿ ಮಹತ್ವದ್ದು. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿ ಚೇತರಿಸಿಕೊಳ್ಳುತ್ತಿದ್ದ ಖಂಡವನ್ನು ಅವರು ಕಂಡರು. ಅರಮನೆ, ವಸ್ತುಸಂಗ್ರಹಾಲಯಗಳಷ್ಟೇ ಗಮನ ಬೀದಿ, ಮಾರುಕಟ್ಟೆ, ರೈಲುಡಬ್ಬಿ, ಅಗ್ಗದ ಹೋಟೆಲುಗಳಿಗೂ ಕೊಟ್ಟರು. ಸಾಮಾನ್ಯ ಜನರೊಂದಿಗೆ ಬೆರೆತು, ಅವರ ಮಾತು-ಕಥೆಗಳನ್ನು ಟಿಪ್ಪಣಿ ಮಾಡಿಕೊಂಡರು. ವಯನಾಡಿನ ವಲಸೆಗಾರನ ಬವಣೆಯನ್ನು ಬಲ್ಲ ಲೇಖಕನಿಗೆ ಯುದ್ಧದಲ್ಲಿ ಮನೆಮಾರು ಕಳೆದುಕೊಂಡವರ ಬವಣೆ ಅಪರಿಚಿತವಾಗಿರಲಿಲ್ಲ. ಆಳುವವರ ದೇಶವೆಂದು ಓದುಗರು ತಿಳಿದಿದ್ದ ಯುರೋಪು ಈ ಪುಸ್ತಕಗಳಲ್ಲಿ ಬಾಳುವವರ ದೇಶವಾಯಿತು. 1980ರ ಜ್ಞಾನಪೀಠ ಪ್ರಶಸ್ತಿ 'ಒರು ದೇಶತ್ತಿಂಡೆ ಕಥ' ಕಾದಂಬರಿಗಾಗಿ ಅವರಿಗೆ ಸಂದಿತು. 1982ರಲ್ಲಿ ಅವರು ತೀರಿಕೊಂಡರು.

ಕಲ್ಪೆಟ್ಟದಿಂದ ಡ್ಯಾನ್ಯೂಬ್ ದಡಕ್ಕೆ

ವಯನಾಡಿನಲ್ಲೇ ಹುಟ್ಟಿ ಯುರೋಪನ್ನು ಬರೆದವರಲ್ಲಿ ಮುಖ್ಯರು ಎಂ. ಪಿ. ವೀರೇಂದ್ರಕುಮಾರ್. ಅವರು ಕಲ್ಪೆಟ್ಟದ ಜೈನ ಮನೆತನದವರು. ತಂದೆ ಎಂ. ಕೆ. ಪದ್ಮಪ್ರಭ ಗೌಡರ್ ಸಮಾಜವಾದಿ ನಾಯಕರು. ಅವರ ಹೆಸರಿನ ಪದ್ಮಪ್ರಭ ಪುರಸ್ಕಾರ ಮಲಯಾಳದ ಗಣ್ಯ ಸಾಹಿತ್ಯ ಪ್ರಶಸ್ತಿಗಳಲ್ಲೊಂದು. ವೀರೇಂದ್ರಕುಮಾರ್ ಮದ್ರಾಸಿನಲ್ಲಿ ತತ್ತ್ವಶಾಸ್ತ್ರ, ಅಮೆರಿಕದ ಸಿನ್ಸಿನಾಟಿಯಲ್ಲಿ ವ್ಯವಹಾರ ಆಡಳಿತ ಓದಿದರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಕಂಡರು. 1979ರಿಂದ ಮಾತೃಭೂಮಿ ಸಂಸ್ಥೆಯ ಚುಕ್ಕಾಣಿ ಹಿಡಿದರು. 1987ರಲ್ಲಿ ಕಲ್ಪೆಟ್ಟದಿಂದ ಶಾಸಕರಾದರು, ಆಮೇಲೆ ಕೋಝಿಕ್ಕೋಡಿನಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಸಚಿವರೂ ಆದರು. ಹಿಮಾಲಯ ಯಾತ್ರೆಯ ಗ್ರಂಥ 'ಹೈಮವತಭೂವಿಲ್'ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2020ರ ಮೇ 28ರಂದು ಅವರು ನಿಧನರಾದರು.

ಅವರ ಯುರೋಪು ಪ್ರವಾಸ ಗ್ರಂಥದ ಹೆಸರು 'ಡಾನ್ಯೂಬ್ ಸಾಕ್ಷಿ'. ನದಿಯನ್ನು ಸಾಕ್ಷಿಯಾಗಿ ಕರೆದ ಈ ತಲೆಬರಹವೇ ಯುರೋಪನ್ನು ಅರಿಯುವ ಒಂದು ದಾರಿಯನ್ನು ತೋರುತ್ತದೆ. ಡ್ಯಾನ್ಯೂಬ್ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 2,850 ಕಿಲೋಮೀಟರ್ ಹರಿದು ಕಪ್ಪುಸಮುದ್ರ ಸೇರುತ್ತದೆ. ದಾರಿಯಲ್ಲಿ ಹತ್ತು ದೇಶಗಳನ್ನು ಮುಟ್ಟುತ್ತದೆ; ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳು ಅದರ ದಡದಲ್ಲಿವೆ. ರೋಮನ್ ಸಾಮ್ರಾಜ್ಯಕ್ಕೆ ಅದು ಎಲ್ಲೆಯಾಗಿತ್ತು. 1529ರಲ್ಲಿ ಮತ್ತು 1683ರಲ್ಲಿ ಆಟೋಮನ್ ತುರ್ಕರ ಸೈನ್ಯ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ್ದನ್ನು ಅದು ಕಂಡಿದೆ. ಬುಡಾ, ಓಬುಡಾ, ಪೆಸ್ಟ್ ಎಂಬ ಊರುಗಳು 1873ರಲ್ಲಿ ಒಂದಾಗಿ ಬುಡಾಪೆಸ್ಟ್ ಆದದ್ದನ್ನೂ, 1956ರಲ್ಲಿ ಅದೇ ನಗರದ ಜನ ಸೋವಿಯತ್ ಹಿಡಿತದ ವಿರುದ್ಧ ಎದ್ದದ್ದನ್ನೂ, 1999ರಲ್ಲಿ ಸರ್ಬಿಯದ ನೋವಿ ಸಾಡ್ ಊರಿನ ಸೇತುವೆಗಳು ಬಾಂಬಿಗೆ ಉರುಳಿದ್ದನ್ನೂ ಕಂಡಿದೆ. ಬುಡಾಪೆಸ್ಟಿನ ದಡದಲ್ಲಿ ಕಬ್ಬಿಣದ 60 ಜೊತೆ ಪಾದರಕ್ಷೆಗಳ ಸ್ಮಾರಕವಿದೆ. 1944-45ರಲ್ಲಿ ಯಹೂದಿಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ, ಪಾದರಕ್ಷೆ ಬಿಚ್ಚಿಸಿ, ಗುಂಡಿಕ್ಕಿ ನದಿಗೆ ಬೀಳಿಸಲಾಗಿತ್ತು. 2005ರಲ್ಲಿ ಆ ಸ್ಮಾರಕ ಸ್ಥಾಪನೆಯಾಯಿತು.

ಇಂಥ ನದಿಯ ದಡದಲ್ಲಿ ನಿಲ್ಲುವ ಪ್ರವಾಸಿಗೆ ದೋಣಿವಿಹಾರದ ಸಮಯವಷ್ಟೇ ತಿಳಿದಿದ್ದರೆ ಆತ ಕಂಡದ್ದು ನೀರು ಮಾತ್ರ. ಎಷ್ಟು ಭಾಷೆ, ಎಷ್ಟು ರಾಜ್ಯ, ಎಷ್ಟು ಮತಪಂಥಗಳು ಆ ನೀರಿನ ಮೇಲೆ ಹಕ್ಕು ಹೂಡಿದವು ಎಂದು ತಿಳಿದವನಿಗೆ ಯುರೋಪು ಎಂಬುದು ಒಂದೇ ಸಂಸ್ಕೃತಿಯಲ್ಲ ಎಂಬ ಅರಿವು ಮೂಡುತ್ತದೆ. ಕಬಿನಿಯ ನಾಡಿನವರಿಗೆ ಈ ಪಾಠ ಸಲೀಸಾಗಿ ಹತ್ತುವಂಥದು. ಕೇರಳದಲ್ಲಿ ಹುಟ್ಟಿ, ಕರ್ನಾಟಕದಲ್ಲಿ ಕಾವೇರಿಯನ್ನು ಕೂಡಿ, ತಮಿಳುನಾಡಿನ ಗದ್ದೆಗಳಿಗೆ ಹರಿಯುವ ಆ ನೀರಿಗೂ ಭಾಷೆಗಳ, ರಾಜ್ಯಗಳ, ವ್ಯಾಜ್ಯಗಳ ಚರಿತ್ರೆಯಿದೆ.

ವೀರೇಂದ್ರಕುಮಾರರಿಗೆ ಯುರೋಪಿನ ಜೊತೆ ಇನ್ನೊಂದು ವ್ಯವಹಾರವೂ ಇತ್ತು. ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಒಪ್ಪಂದ ಮತ್ತು ಅದರ ಕಾಣದ ಹಗ್ಗಗಳ ಬಗ್ಗೆ ಅವರು ಪುಸ್ತಕವನ್ನೇ ಬರೆದರು. ವಯನಾಡಿನ ಕಾಫಿ, ಕರಿಮೆಣಸುಗಳ ಬೆಲೆ ದೂರದ ಮಾರುಕಟ್ಟೆಗಳಲ್ಲಿ ತೀರ್ಮಾನವಾಗುತ್ತದೆ. 2000ದ ದಶಕದ ಆರಂಭದಲ್ಲಿ ಬೆಲೆ ಕುಸಿದಾಗ ಜಿಲ್ಲೆಯಲ್ಲಿ ಅನೇಕ ರೈತರು ಆತ್ಮಹತ್ಯೆ ಮಾಡಿಕೊಂಡರು. ಭಾರತದ ಕಾಫಿಯ ದೊಡ್ಡ ಖರೀದಿದಾರ ದೇಶ ಇಟಲಿ. 2019ರಲ್ಲಿ ವಯನಾಡಿನ ರೋಬಸ್ಟಾ ಕಾಫಿಗೆ ಭೌಗೋಳಿಕ ಸೂಚಕ ದೊರೆಯಿತು. ಇತ್ತೀಚೆಗೆ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಮಾರುಕಟ್ಟೆ ಮುಚ್ಚುವ ನಿಯಮವನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಗೀಕರಿಸಿತು. ಹೀಗಾಗಿ ಯುರೋಪಿನ ಜನರ ಮನಸ್ಸು, ಅಭಿರುಚಿ, ಕಾನೂನುಗಳನ್ನು ಬಲ್ಲ ಪುಸ್ತಕ ವಿಮಾನ ಹತ್ತುವವರಿಗೆ ಎಷ್ಟು ಬೇಕೋ, ತೋಟ ಬಿಟ್ಟು ಕದಲದ ಬೆಳೆಗಾರನಿಗೂ ಅಷ್ಟೇ ಬೇಕು.

ಓದುಗರನ್ನು ಮುಟ್ಟಿದ ಬಗೆ

ಬೆಟ್ಟದ ಮೇಲಿನ ಹಳ್ಳಿಗಳಿಗೆ ಈ ಪುಸ್ತಕಗಳನ್ನು ತಲುಪಿಸಿದ್ದು ಗ್ರಂಥಾಲಯಗಳು. ವಯನಾಡು ಆಗ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ತಿರುವಾಂಕೂರಿನಲ್ಲಿ 1945ರಲ್ಲಿ ಪಿ. ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘ ಮುಂದೆ ಇಡೀ ಕೇರಳಕ್ಕೆ ಹಬ್ಬಿತು. ಅದೇ 1945ರಲ್ಲಿ ತಿರುವಾಂಕೂರಿನ ಕೋಟ್ಟಯಂನಲ್ಲಿ ಲೇಖಕರೇ ಸೇರಿ ಸಹಕಾರಿ ಪ್ರಕಾಶನ ಸಂಘ ಕಟ್ಟಿದರು. ವಾಚನಾಲಯದಲ್ಲಿ ಒಂದು ಪ್ರತಿ ಇದ್ದರೆ ಊರೆಲ್ಲ ಓದಿತು. ಓದು ಬಾರದವರು ಓದಿಸಿ ಕೇಳಿದರು. ಪ್ರವಾಸ ಕಥನ ಹೋಗುವವರಿಗಿಂತ ಹೆಚ್ಚಾಗಿ, ಎಂದೂ ಹೋಗಲಾರದವರ ಸಾಹಿತ್ಯವಾಗಿತ್ತು.

ಇಂದು ಪರಿಸ್ಥಿತಿ ಬದಲಾಗಿದೆ. ವಯನಾಡಿನ ವಲಸೆಗಾರರ ಮೂರನೆಯ ತಲೆಮಾರು ಜರ್ಮನಿ, ಐರ್ಲೆಂಡ್, ಬ್ರಿಟನ್ನುಗಳಿಗೆ ದಾದಿಯರಾಗಿ, ವಿದ್ಯಾರ್ಥಿಗಳಾಗಿ ಹೋಗುತ್ತಿದೆ. ಭಾಷಾ ಪರೀಕ್ಷೆಯ ಪುಸ್ತಕ ಅವರ ಕೈಯಲ್ಲಿದೆ. ವ್ಯಾಕರಣ ಅದರಿಂದ ಬರುತ್ತದೆ. ಬರ್ಲಿನ್ನಿನ ಮುದುಕಿಯೊಬ್ಬಳು ಯುದ್ಧದ ಮಾತು ಬಂದರೆ ಯಾಕೆ ಮೌನವಾಗುತ್ತಾಳೆ, ಐರಿಷ್ ರೈತ ಬರಗಾಲದ ನೆನಪನ್ನು ಯಾಕೆ ಇಂದಿಗೂ ಹೊತ್ತಿದ್ದಾನೆ ಎಂಬುದನ್ನು ಕಥನಗಳೇ ಹೇಳಬೇಕು.

ಈ ಪರಂಪರೆಗೆ ಒಂದು ದೊಡ್ಡ ಕೊರತೆಯೂ ಇದೆ. 2011ರ ಜನಗಣತಿಯಂತೆ ವಯನಾಡಿನ ಜನರಲ್ಲಿ ಶೇಕಡಾ 18ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಕೇರಳದ ಬೇರೆ ಯಾವ ಜಿಲ್ಲೆಯಲ್ಲೂ ಈ ಪಾಲು ಇಷ್ಟಿಲ್ಲ. ಯುರೋಪಿನವರು ಇವರ ಬಗ್ಗೆ ಬರೆದರು. ಯುರೋಪಿನ ಬಗ್ಗೆ ಬರೆದ ಹೆಸರಾಂತ ಗ್ರಂಥಕರ್ತರ ಸಾಲಿನಲ್ಲಿ ಇವರ ಹೆಸರು ಬಂದಿಲ್ಲ. ಕರಿಂತಂಡನ್ನನ ಸರಪಳಿ ಪೂರ್ತಿಯಾಗಿ ಕಳಚುವುದು ಅವನ ಕುಲದವರೊಬ್ಬರು ಲಂಡನ್ನಿನ ಬೀದಿಯನ್ನು ತಮ್ಮ ಕಣ್ಣಿನಿಂದ ಕಂಡು ಬರೆದ ದಿನ.

ತೋಮಾ ಕತ್ತನಾರರ ಬರಹ ಅಚ್ಚುಮನೆ ಕಾಣಲು 151 ವರ್ಷ ಕಾಯಬೇಕಾಯಿತು. ಇಂದು ಹೊರಟವರಿಗೆ ಅಷ್ಟು ಕಾಯುವ ಕಾರಣವಿಲ್ಲ. ವಯನಾಡಿನಿಂದಾಗಲಿ ಕೊಡಗು, ಮೈಸೂರುಗಳಿಂದಾಗಲಿ ಯುರೋಪಿಗೆ ಹೋದವರು ತಾವು ಕಂಡದ್ದನ್ನು ತಮ್ಮ ಭಾಷೆಯಲ್ಲಿ ಬರೆಯಲಿ. ಊರಿನ ಗ್ರಂಥಾಲಯಗಳು ಅದನ್ನು ಕೊಂಡು ಇಡಲಿ. ಮಲಯಾಳದ ಈ ಕಥನಗಳು ಕನ್ನಡಕ್ಕೂ ಕನ್ನಡದವು ಮಲಯಾಳಕ್ಕೂ ಬರಲಿ. ಮುಂದೆ ಹೋಗುವವರಿಗೆ ದಾರಿ ತೋರಿಸುವ ಪುಸ್ತಕಗಳು ಅವೇ.